ರೇಂಜರ್: ಬಹುಕಾಲದ ಬಳಕೆಯ ಮೇಲೆ ಒಂದು ವಿಮರ್ಶೆ

ಮೌಸ್ ಮುಟ್ಟದೆ ಟರ್ಮಿನಲ್‌ನಲ್ಲೇ (ಕಮಾಂಡ್ ಟೈಪ್ ಮಾಡುವ ಕಿಟಕಿ) ಫೈಲ್ ಕೆಲಸ ಮುಗಿಸುವವರಿಗೆ ರೇಂಜರ್ ಎಂಬ ಫೈಲ್ ಮ್ಯಾನೇಜರ್ ಈಗಲೂ ಒಳ್ಳೆಯ ಆಯ್ಕೆ. ಇನ್‌ಸ್ಟಾಲ್ ಮಾಡಿದ ಹಾಗೇ ಬಳಸಿದರೆ ಮಾತ್ರ ಕೈ ಸುಟ್ಟುಕೊಳ್ಳುವ ಜಾಗಗಳಿವೆ.

ಪರದೆಯಲ್ಲಿ ಮೂರು ಕಾಲಂ: ಎಡಕ್ಕೆ ಮೇಲಿನ ಫೋಲ್ಡರ್, ನಡುವೆ ಈಗಿರುವುದು, ಬಲಕ್ಕೆ ಪ್ರಿವ್ಯೂ. ವಿಮ್ ಎಡಿಟರ್ ಬಲ್ಲವರಿಗೆ ಕಲಿಯುವುದು ಹೆಚ್ಚಿಲ್ಲ. ಓಡಾಟಕ್ಕೆ ಎಚ್, ಜೆ, ಕೆ, ಎಲ್. ಕಾಪಿಗೆ ವೈವೈ, ಕಟ್‌ಗೆ ಡಿಡಿ, ಪೇಸ್ಟ್‌ಗೆ ಪಿಪಿ. ಝಡ್‌ಎಚ್ ಒತ್ತಿದರೆ ಅಡಗಿದ ಫೈಲ್‌ಗಳು ಕಾಣುತ್ತವೆ. ಅದೇ ಹೆಸರಿನ ಫೈಲ್ ಆಗಲೇ ಇದ್ದರೆ ಪಿಪಿ ಅದನ್ನು ಅಳಿಸುವುದಿಲ್ಲ, ಹೊಸದರ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಚ್ಚುತ್ತದೆ. ಮೇಲೆಯೇ ಬರೆಯಬೇಕೆಂದರೆ ಪಿಓ.

ರೇಂಜರ್‌ನ ನಿಜವಾದ ಬಂಡವಾಳ ಇರುವುದು ಬಲ್ಕ್‌ರಿನೇಮ್‌ನಲ್ಲಿ, ಅಂದರೆ ಹಲವು ಫೈಲ್‌ಗಳ ಹೆಸರನ್ನು ಒಟ್ಟಿಗೆ ಬದಲಿಸುವುದರಲ್ಲಿ. ಸ್ಪೇಸ್ ಒತ್ತುತ್ತ ಫೈಲ್‌ಗಳನ್ನು ಗುರುತಿಸಿ, ಸಿ ನಂತರ ದೊಡ್ಡ ಡಬ್ಲ್ಯೂ ಒತ್ತಿದರೆ ಹೆಸರುಗಳ ಪಟ್ಟಿ ಎಡಿಟರ್‌ನಲ್ಲಿ ತೆರೆಯುತ್ತದೆ. ಫೈಂಡ್-ರಿಪ್ಲೇಸ್, ಮ್ಯಾಕ್ರೋ, ಏನು ಬೇಕಾದರೂ ಬಳಸಿ ತಿದ್ದಿ ಸೇವ್ ಮಾಡಿ. ತಕ್ಷಣ ಇನ್ನೊಂದು ಫೈಲ್ ತೆರೆಯುತ್ತದೆ: ಸಾಲಿಗೊಂದು ಎಂವಿ (ಹೆಸರು ಬದಲಿಸುವ) ಕಮಾಂಡ್ ಇರುವ ಶೆಲ್ ಸ್ಕ್ರಿಪ್ಟ್, ಅಂದರೆ ಸಾಲಾಗಿ ಓಡುವ ಕಮಾಂಡ್‌ಗಳ ಪಟ್ಟಿ. ಎಡಿಟರ್ ಮುಚ್ಚಿದ ಕೂಡಲೇ ಅದು ಓಡುತ್ತದೆ. ಬೇಡವೆನಿಸಿದರೆ ಎಲ್ಲ ಸಾಲು ಅಳಿಸಿ ಸೇವ್ ಮಾಡಿಯೇ ಹೊರಬರಬೇಕು, ಸುಮ್ಮನೆ ಮುಚ್ಚಿದರೆ ಕೆಲಸ ಆಗಿಹೋಗುತ್ತದೆ. ಇನ್ನೊಂದು ಎಚ್ಚರ: ಮೊದಲ ಪಟ್ಟಿಯಲ್ಲಿ ಒಂದು ಸಾಲನ್ನೂ ತೆಗೆಯಬೇಡಿ. ಹಳೆ, ಹೊಸ ಹೆಸರುಗಳನ್ನು ರೇಂಜರ್ ಸಾಲಿನ ಕ್ರಮದಲ್ಲೇ ಜೋಡಿಸುತ್ತದೆ. ನಡುವೆ ಒಂದು ಸಾಲು ಹೋದರೆ ಕೆಳಗಿನ ಫೈಲ್‌ಗಳಿಗೆಲ್ಲ ಪಕ್ಕದವರ ಹೆಸರು.

ಅಳಿಸುವುದು ಡಿ, ದೊಡ್ಡ ಡಿ, ಎಂಟರ್. ಇದರಲ್ಲಿ ಕಸದಬುಟ್ಟಿ ಇಲ್ಲ, ಹೋದದ್ದು ಹೋಯಿತು. ಹಲವು ಫೈಲ್ ಅಥವಾ ತುಂಬಿದ ಫೋಲ್ಡರ್ ಆದರೆ ಮಾತ್ರ ಇನ್ನೊಮ್ಮೆ ಕೇಳುತ್ತದೆ. ಮೊದಲು '--ಕಾಪಿ-ಕಾನ್ಫಿಗ್=ಆಲ್' ಕೊಟ್ಟು ರೇಂಜರ್ ಓಡಿಸಿ ಸೆಟ್ಟಿಂಗ್ಸ್ ಫೈಲ್‌ಗಳ ಪ್ರತಿ ಮಾಡಿಕೊಳ್ಳಿ, ಅವುಗಳಲ್ಲಿ ಆರ್‌ಸಿ.ಕಾನ್ಫ್‌ನಲ್ಲಿ ಕನ್ಫರ್ಮ್_ಆನ್_ಡಿಲೀಟ್ ಅನ್ನು ಆಲ್ವೇಸ್ ಮಾಡಿಬಿಡಿ. ಫೈಲ್‌ಗಳನ್ನು ಕಸದಬುಟ್ಟಿಗೆ ಕಳಿಸುವ ಟ್ರ್ಯಾಶ್-ಸಿಎಲ್‌ಐ ಹಾಕಿಕೊಂಡು ಡಿ, ದೊಡ್ಡ ಟಿ ರೂಢಿಸಿಕೊಳ್ಳುವುದು ಇನ್ನೂ ಕ್ಷೇಮ.

ಹೊಸಬರ ಸಾಮಾನ್ಯ ದೂರು, ಕ್ಯೂ ಒತ್ತಿ ಹೊರಬಂದರೆ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓಡಿಸುವ ಪ್ರೋಗ್ರಾಂ) ಹಳೆಯ ಫೋಲ್ಡರ್‌ನಲ್ಲೇ ಇರುತ್ತದೆ ಎಂಬುದು. ರೇಂಜರ್ ಶೆಲ್‌ನ ಮಗು ಪ್ರಾಸೆಸ್, ಅಂದರೆ ಶೆಲ್ ಶುರುಮಾಡಿದ ಪ್ರೋಗ್ರಾಂ. ತಾಯಿಯ ಡೈರೆಕ್ಟರಿ ಬದಲಿಸುವ ಅಧಿಕಾರ ಅದಕ್ಕಿಲ್ಲ. '--ಚೂಸ್‌ಡಿರ್' ಕೊಟ್ಟರೆ ಕೊನೆಯ ಫೋಲ್ಡರ್‌ನ ಪಾತ್ ಒಂದು ಫೈಲ್‌ಗೆ ಬರೆಯುತ್ತದೆ. ಅದನ್ನು ಓದಿ ಸಿಡಿ (ಫೋಲ್ಡರ್ ಬದಲಿಸುವ ಕಮಾಂಡ್) ಮಾಡುವ ನಾಲ್ಕು ಸಾಲಿನ ಫಂಕ್ಷನ್ ಶೆಲ್‌ನ ಸೆಟ್ಟಿಂಗ್ಸ್ ಫೈಲ್ ಆದ ಬ್ಯಾಶ್‌ಆರ್‌ಸಿಯಲ್ಲಿ ಹಾಕಿಕೊಂಡರೆ ಈ ಕಿರಿಕಿರಿ ಮುಗಿಯಿತು.

ದೊಡ್ಡ ಕೊರತೆ ವೇಗ. ಪೈಥಾನ್‌ನಲ್ಲಿ ಬರೆದದ್ದು, ತೆರೆಯುವಾಗಲೇ ಒಂದು ಕ್ಷಣ ತಡವರಿಸುತ್ತದೆ. ಹತ್ತಾರು ಸಾವಿರ ಫೈಲ್ ಇರುವ ಫೋಲ್ಡರ್‌ಗೆ ಹೊಕ್ಕರೆ ಕಾಯಲೇಬೇಕು. ನೆಟ್‌ವರ್ಕ್ ಡ್ರೈವ್‌ನಲ್ಲಂತೂ ಪ್ರತಿ ಉಪಫೋಲ್ಡರ್‌ನ ಫೈಲ್ ಎಣಿಸಲು ಹೋಗಿ ಒದ್ದಾಡುತ್ತದೆ. ಆಟೋಮ್ಯಾಟಿಕಲಿ_ಕೌಂಟ್_ಫೈಲ್ಸ್ ಮತ್ತು ಪ್ರಿವ್ಯೂ_ಫೈಲ್ಸ್ ಎರಡನ್ನೂ ಫಾಲ್ಸ್ ಮಾಡಿದರೆ ತಕ್ಕಮಟ್ಟಿಗೆ ಹಗುರಾಗುತ್ತದೆ. ಕಾಪಿ ಕೆಲಸಗಳು ಒಂದಾದ ಮೇಲೊಂದು ಸರದಿಯಲ್ಲಿ ನಡೆಯುತ್ತವೆ, ಡಬ್ಲ್ಯೂ ಒತ್ತಿದರೆ ಸರದಿ ಕಾಣುತ್ತದೆ. ನೂರಾರು ಜಿಬಿ ಸಾಗಿಸುವುದಿದ್ದರೆ ಆರ್‌ಸಿಂಕ್ ಎಂಬ ಕಾಪಿ ಪ್ರೋಗ್ರಾಂಗೇ ಬಿಡಿ. ದಿನವೂ ಅಂಥ ದೊಡ್ಡ ಫೋಲ್ಡರ್‌ಗಳಲ್ಲೇ ಕೆಲಸವಾದರೆ ಇಂಥದೇ ಫೈಲ್ ಮ್ಯಾನೇಜರ್‌ಗಳಾದ ಸಿ ಭಾಷೆಯ ಎನ್‌ಎನ್‌ಎನ್ ಅಥವಾ ರಸ್ಟ್ ಭಾಷೆಯ ಯಾಝಿ ನೋಡುವುದು ಮೇಲು.