ನಿಂಬೆಹಣ್ಣು, ವಿನಿಗರ್, ಸಿಟ್ರಿಕ್ ಆಸಿಡ್: ಕೆಟ್ಟ ಕೆಟಲ್‌ಗೆ ಮೂರನ್ನೂ ಹಾಕಿ ನೋಡಿದೆ

ನಮ್ಮ ಕೆಟಲ್ ನೀರು ಕುದಿಯುವ ಮೊದಲೇ ಟಕ್ ಅಂತ ಆಫ್ ಆಗತೊಡಗಿತು. ಥರ್ಮಾಮೀಟರ್ ಇಳಿಬಿಟ್ಟು ನೋಡಿದರೆ 78 ಡಿಗ್ರಿ. ಬೆಂಗಳೂರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97ಕ್ಕೇ ಕುದಿಯುತ್ತದೆ, ಸರಿ. ಆದರೂ 78ಕ್ಕೆ ಡಿಕಾಕ್ಷನ್ ಎಲ್ಲಿಂದ ಇಳಿಯಬೇಕು? "ಇದು ಕಾಫಿಯೋ, ಕಲಗಚ್ಚೋ?" ಅಂದರು ಅಮ್ಮ.

ಮೊದಲು ಬೀದಿ ಕೊನೆಯ ರಿಪೇರಿ ಅಂಗಡಿ. ಆತ ಬಿಚ್ಚಲೂ ಇಲ್ಲ. "ಕಾಯಿಲ್ ಹೋಗಿದೆ ಸಾರ್, ಹೊಸದು ತಗೊಳ್ಳಿ." ಕಾಯಿಲ್ ಹೋಗಿದ್ದರೆ ನೀರು ಬಿಸಿಯೇ ಆಗಬಾರದಲ್ವಾ? ಮನೆಗೆ ಬಂದು, ಖಾಲಿ ಕೆಟಲನ್ನು ಸ್ಟ್ಯಾಂಡಿನಿಂದ ಎತ್ತಿಟ್ಟುಕೊಂಡು, ಸ್ವಿಚ್ ಒತ್ತಿ, ತಳದ ಕನೆಕ್ಟರ್‌ಗೆ ಮಲ್ಟಿಮೀಟರ್ ಹಿಡಿದೆ. ಕಾಯಿಲ್‌ನ ರೆಸಿಸ್ಟೆನ್ಸ್ (ವಿದ್ಯುತ್ ಪ್ರತಿರೋಧ) 36 ಓಮ್. 230 ವೋಲ್ಟ್‌ನಲ್ಲಿ 1500 ವಾಟ್‌ನ ಕೆಟಲ್ ಅಂದರೆ ಲೆಕ್ಕಕ್ಕೆ ಸುಮಾರು 35 ಬರಬೇಕು. ಕಾಯಿಲ್ ಗುಂಡುಕಲ್ಲಿನ ಹಾಗಿದೆ.

ಗೆಳೆಯನದು ಇನ್ನೊಂದು ಸಲಹೆ: "ಥರ್ಮೋಸ್ಟಾಟ್ ತೆಗೆದು ಡೈರೆಕ್ಟ್ ಕೊಟ್ಟುಬಿಡು ಗುರು." ಇದನ್ನು ಮಾತ್ರ ಯಾರೂ ಮಾಡಬೇಡಿ. ತಳ ಅತಿಯಾಗಿ ಕಾದರೆ ಕರೆಂಟ್ ಕಡಿಯುವುದೇ ಥರ್ಮೋಸ್ಟಾಟ್. ಅದನ್ನು ತೆಗೆದ ಮೇಲೆ ನೀರಿಲ್ಲದೆ ಆನ್ ಆದರೆ ಕೆಟಲ್ ಸುಟ್ಟುಹೋಗುತ್ತದೆ.

ಆಮೇಲೆ ಟಾರ್ಚ್ ಹಾಕಿ ಒಳಗೆ ನೋಡಿದೆ. ತಳದ ತುಂಬಾ ಬಿಳಿ ಸುಣ್ಣ, ಉಗುರಿನಿಂದ ಕೆರೆದರೂ ಏಳದಷ್ಟು. ನಮ್ಮದು ಬೋರ್‌ವೆಲ್ ನೀರು. ಸುಣ್ಣ ಕಟ್ಟಿದರೆ ಶಾಖ ನೀರಿಗೆ ಹೋಗದೆ ತಳದಲ್ಲೇ ಉಳಿಯುತ್ತದೆ. ಕೆಳಗಿನ ಥರ್ಮೋಸ್ಟಾಟ್ 'ನೀರು ಆರಿಹೋಯಿತು' ಅಂದುಕೊಂಡು ಕರೆಂಟ್ ಕಡಿಯುತ್ತದೆ. ಪಾಪ, ಅದು ತನ್ನ ಕೆಲಸ ಸರಿಯಾಗೇ ಮಾಡುತ್ತಿತ್ತು.

ಎರಡು ನಿಂಬೆಹಣ್ಣು ಹಿಂಡಿ ಕಾಯಿಸಿ ಒಂದು ಗಂಟೆ ಬಿಟ್ಟೆ. ಪರಿಮಳ ಚೆನ್ನಾಗಿತ್ತು, ಅಷ್ಟೇ. ಅಂಚಿನ ತೆಳು ಪದರ ಹೋಯಿತು, ನಡುವಿನದು ಜಪ್ಪಯ್ಯ ಅನ್ನಲಿಲ್ಲ.

ವಿನಿಗರ್‌ಗೆ ಅಷ್ಟೇ ನೀರು ಬೆರೆಸಿ ರಾತ್ರಿಯೆಲ್ಲಾ ಇಟ್ಟೆ. ಮುಕ್ಕಾಲು ಪಾಲು ಬಿಟ್ಟುಕೊಂಡಿತು. ಆದರೆ ಮೂರು ದಿನ ಕಾಫಿಗೆ ಗೋಬಿ ಮಂಚೂರಿ ಗಾಡಿಯ ವಾಸನೆ.

ಸಿಟ್ರಿಕ್ ಆಸಿಡ್ ದಿನಸಿ ಅಂಗಡಿಯಲ್ಲೇ ಸಿಕ್ಕಿತು. ಅರ್ಧ ಲೀಟರ್ ನೀರಿಗೆ ಎರಡು ಚಮಚ, ಬಿಸಿಯಾದ ಮೇಲೆ ಆಫ್. ಸೋಡಾ ಹಾಗೆ ಸುಯ್ಯೆಂದು ಗುಳ್ಳೆ ಬಂತು. ಹಪ್ಪಳದ ಚೂರಿನಂಥ ಪದರಗಳು ಎದ್ದವು. ಅರ್ಧ ಗಂಟೆಗೆ ಸ್ಟೀಲ್ ಕಾಣಿಸಿತು. ವಾಸನೆಯೇ ಇಲ್ಲ. ವಿನಿಗರ್ ಮಾಡಿದ ಕೆಲಸಕ್ಕೆ ಇದಕ್ಕೆ ಹೆಸರು ಬಂತೇನೋ ಅನ್ನಿಸಿ, ಎದುರು ಮನೆಯ ಆಂಟಿ ಕೆಟಲ್ ಇಸ್ಕೊಂಡು ಬಂದು ಬರೀ ಇದನ್ನೇ ಹಾಕಿದೆ. ಅವರದು ನಮ್ಮದಕ್ಕಿಂತ ಗಬ್ಬೆದ್ದಿತ್ತು. ಎರಡು ಸಲ ಹಾಕಬೇಕಾಯಿತು, ಆದರೆ ಪೂರ್ತಿ ಹೋಯಿತು.

ಎರಡು ಸಲ ಬರೀ ನೀರು ಕುದಿಸಿ ಚೆಲ್ಲಿ, ಮೂರನೇ ಸಲ ಥರ್ಮಾಮೀಟರ್ ಇಟ್ಟೆ. 97.

ಒಂದೇ ತೊಂದರೆ, ಆ ಪುಡಿ ನೋಡಲು ಥೇಟ್ ಸಕ್ಕರೆ. ಡಬ್ಬಿ ಮೇಲೆ ಅಮ್ಮ 'ಕೆಟಲ್‌ದು, ಮುಟ್ಟಬೇಡಿ' ಅಂತ ಚೀಟಿ ಅಂಟಿಸಿದ್ದಾರೆ.