ಗಟ್ಟಿಮೇಳದ ಹೊತ್ತಿನಲ್ಲಿ ಬೆರಳಿಗೆ ಸಿಗುವ ಬಟನ್: ಮೂರು ಮಿರರ್‌ಲೆಸ್ ಕ್ಯಾಮೆರಾಗಳ ದೀರ್ಘ ಬಳಕೆಯ ಅನುಭವ

ದಾವಣಗೆರೆಯ ಕಲ್ಯಾಣ ಮಂಟಪಗಳಲ್ಲಿ ಮದುವೆಯ ಫೋಟೋ ತೆಗೆಯುವುದು ನನ್ನ ವೃತ್ತಿ. ಲಗ್ನಗಳಿಲ್ಲದ ದಿನಗಳಲ್ಲಿ ಚಿತ್ರದುರ್ಗಕ್ಕೆ ಹೋಗಿ ಕೋಟೆ ಹತ್ತುವುದು ನನ್ನ ಹವ್ಯಾಸ. ಈ ಎರಡೂ ಕೆಲಸಗಳಿಗೆ ಮೂರು ಬೇರೆ ಬೇರೆ ಮೌಂಟಿನ, ಅಂದರೆ ಲೆನ್ಸ್ ಕೂರಿಸುವ ಬಾಯಿ ಬೇರೆಯಾದ, ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಕ್ಯಾಮೆರಾಗಳನ್ನು ವರ್ಷಗಳ ಕಾಲ ಬಳಸಿದ್ದೇನೆ. 2019ರಲ್ಲಿ ನಿಕಾನ್ ಡಿ750 ಬಿಟ್ಟು ಅದೇ ಕಂಪನಿಯ ಝಡ್ 6 ಕೊಂಡೆ. ಮರುವರ್ಷ ಜೊತೆಗೆ ಕೆಲಸ ಮಾಡುವ ಹುಡುಗನಿಗೆಂದು ಸೋನಿ ಎ7 ತ್ರೀ ಬಂತು, 2021ರಲ್ಲಿ ನನ್ನ ಸ್ವಂತ ಸುತ್ತಾಟಕ್ಕೆಂದು ಸೆಕೆಂಡ್ ಹ್ಯಾಂಡ್ ಫ್ಯೂಜಿಫಿಲ್ಮ್ ಎಕ್ಸ್-ಟಿ3 ಸಿಕ್ಕಿತು. ಮೂರೂ 2018ರಲ್ಲಿ ಬಿಡುಗಡೆಯಾದ ಮಾದರಿಗಳಾದ್ದರಿಂದ ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನ್ಯಾಯವೆಂದು ನನಗೆ ಅನ್ನಿಸುತ್ತದೆ. ಚಿತ್ರದ ಗುಣಮಟ್ಟದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಝಡ್ 6ರಲ್ಲಿ 24.5, ಎ7 ತ್ರೀಯಲ್ಲಿ 24.2, ಎಕ್ಸ್-ಟಿ3ಯಲ್ಲಿ 26.1 ಮೆಗಾಪಿಕ್ಸೆಲ್ ಇವೆ. ಆಲ್ಬಮ್ಮಿನ ಹಾಳೆಯ ಮೇಲೆ ಯಾವ ಚಿತ್ರ ಯಾವುದರದ್ದೆಂದು ಇಂದಿನವರೆಗೆ ಯಾವ ಬೀಗರೂ ಕೇಳಿಲ್ಲ.

ವ್ಯತ್ಯಾಸ ಗೊತ್ತಾಗುವುದು ಕೈಯಲ್ಲಿ ಹಿಡಿದಾಗ. ಗಟ್ಟಿಮೇಳ ಶುರುವಾಗಿ ಅಕ್ಕಿಕಾಳು ಬೀಳತೊಡಗಿದ ಮೇಲೆ ತಾಳಿಯ ಗಂಟು ಬೀಳುವವರೆಗೆ ನಮಗೆ ದೊರೆಯುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ವರನ ತೋಳು, ಶಾಸ್ತ್ರ ಮಾಡಿಸುವವರ ಕೈ, ಮೊಬೈಲ್ ಹಿಡಿದು ಮುಂದಕ್ಕೆ ಬಾಗಿದ ಸೋದರಮಾವ, ಎಲ್ಲವೂ ಚೌಕಟ್ಟಿನೊಳಗೆ ಬಂದು ಹೋಗುತ್ತವೆ. ಆಗ ವ್ಯೂಫೈಂಡರಿನಿಂದ ಕಣ್ಣು ತೆಗೆದು ಬಟನ್ ಹುಡುಕಬೇಕಾಗಿ ಬಂದರೆ ಆ ಕ್ಯಾಮೆರಾ ಎಷ್ಟೇ ಒಳ್ಳೆಯದಾಗಿದ್ದರೂ ನನ್ನ ಕೆಲಸಕ್ಕೆ ಒದಗಲಿಲ್ಲವೆಂದೇ ಅರ್ಥ.

ಈ ಪರೀಕ್ಷೆಯಲ್ಲಿ ಝಡ್ 6 ನನಗೆ ಎಲ್ಲಕ್ಕಿಂತ ಹೊಂದಿಕೊಂಡಿತು. ಅದರ ಗ್ರಿಪ್ ಆಳವಾಗಿದ್ದು ಕಿರುಬೆರಳಿಗೂ ಜಾಗವಿದೆ. ಲೆನ್ಸ್ ಮೌಂಟಿನ ಪಕ್ಕದಲ್ಲಿರುವ ಎರಡು ಫಂಕ್ಷನ್ ಬಟನ್‌ಗಳು ಬಲಗೈಯ ಬೆರಳ ತುದಿಗೆ ತಾವಾಗಿಯೇ ಸಿಗುತ್ತವೆ. ಮೇಲಿನದು ವೈಟ್ ಬ್ಯಾಲೆನ್ಸಿಗೆ, ಕೆಳಗಿನದು ಫೋಕಸ್ ವಿಧಾನಕ್ಕೆ ಎಂದು ಕಂಪನಿಯೇ ಹೊಂದಿಸಿ ಕೊಟ್ಟಿದ್ದನ್ನು ನಾನು ಬದಲಿಸಿಲ್ಲ. ಹಳದಿ ಬಲ್ಬಿನ ದೇವರ ಮನೆಯಿಂದ ಬಿಳಿ ಎಲ್‌ಇಡಿ ಸುರಿಯುವ ಮಂಟಪಕ್ಕೆ ಬಂದಾಗ, ಬಟನ್ ಒತ್ತಿ ಹೆಬ್ಬೆರಳಿನಿಂದ ಡಯಲ್ ತಿರುಗಿಸಿದರೆ ಬಣ್ಣ ಸರಿಹೋಗುತ್ತದೆ, ಕಣ್ಣು ವಧೂವರರ ಮೇಲೆಯೇ ಇರುತ್ತದೆ.

ಎ7 ತ್ರೀಯ ಗ್ರಿಪ್ ನನ್ನ ಕೈಗೆ ಗಿಡ್ಡ, ಕಿರುಬೆರಳು ಕೆಳಗೆ ಜಾರುತ್ತದೆ. ಹಗುರವಾದ ಲೆನ್ಸ್ ಹಾಕಿದಾಗ ಇದು ತೊಂದರೆಯಲ್ಲ, ಆದರೆ ಭಾರದ ಲೆನ್ಸ್ ಹಾಕಿ ಅರಿಶಿಣದ ಶಾಸ್ತ್ರದಿಂದ ಆರತಕ್ಷತೆಯವರೆಗೆ ನಿಂತರೆ ಮಣಿಕಟ್ಟು ನೋಯುತ್ತದೆ. ಇದನ್ನು ಆ ಕ್ಯಾಮೆರಾ ಬೇರೊಂದು ಕಡೆ ತೀರಿಸಿಕೊಡುತ್ತದೆ. 2019ರ ಏಪ್ರಿಲ್‌ನಲ್ಲಿ ಬಂದ ಹೊಸ ಫರ್ಮ್‌ವೇರಿನ (ಕ್ಯಾಮೆರಾದೊಳಗಿನ ತಂತ್ರಾಂಶದ) ನಂತರ ಶಟರ್ ಅರ್ಧ ಒತ್ತಿದರೆ ಸಾಕು, ಅದು ಕಣ್ಣನ್ನು ಹುಡುಕಿ ಹಿಡಿದುಕೊಳ್ಳುತ್ತದೆ. ಬಾಸಿಂಗದ ಮುತ್ತಿನ ಎಳೆಗಳು ವಧುವಿನ ಮುಖದ ಮುಂದೆ ತೂಗಾಡುವಾಗಲೂ ಅದರ ಫೋಕಸ್ ಎಳೆಗಳಿಗೆ ಹಾರುವುದು ಅಪರೂಪ. ಅದರ ಮರುತಿಂಗಳೇ ಝಡ್ 6ಕ್ಕೂ ಕಣ್ಣು ಗುರುತಿಸುವ ಫರ್ಮ್‌ವೇರ್ ಬಂತು. ಆದರೂ ಇಂಥ ಸಂದರ್ಭದಲ್ಲಿ ನಾನು ಝಡ್ 6ರಲ್ಲಿ ಒಂದೇ ಬಿಂದುವನ್ನು ಆಯ್ದು ಜಾಯ್‌ಸ್ಟಿಕ್‌ನಿಂದ ಸರಿಸುವುದನ್ನೇ ನಂಬುತ್ತೇನೆ.

ಎಕ್ಸ್-ಟಿ3 ಇವೆರಡಕ್ಕಿಂತ ಬೇರೆ ಜಾತಿಯ ಕ್ಯಾಮೆರಾ. ಶಟರ್ ವೇಗ ಮತ್ತು ಐಎಸ್‌ಒಗಳಿಗೆ (ಬೆಳಕಿಗೆ ಸೆನ್ಸರಿನ ಸಂವೇದನೆ) ಮೇಲೆ ಪ್ರತ್ಯೇಕ ಡಯಲ್, ಅಪರ್ಚರಿಗೆ (ಲೆನ್ಸಿನೊಳಗೆ ಬೆಳಕು ಬರುವ ಕಂಡಿ) ಲೆನ್ಸಿನ ಮೇಲೆ ಉಂಗುರ. ಕ್ಯಾಮೆರಾ ಆಫ್ ಆಗಿರುವಾಗಲೇ ಮೂರೂ ಓದಲು ಸಿಗುತ್ತವೆ. ಚಿತ್ರದುರ್ಗದ ಬಂಡೆಗಳ ಮೇಲೆ ಬೆಳಿಗ್ಗೆ ಹತ್ತರ ಬಿಸಿಲಿಗೇ ಹಿಂಬದಿಯ ಪರದೆ ಕಾಣಿಸದಂತಾಗುತ್ತದೆ, ಡಯಲಿನ ಅಂಕಿಗಳು ಮಾತ್ರ ಸ್ಪಷ್ಟವಾಗಿರುತ್ತವೆ. ಬಯಲಿನಲ್ಲಿ ಒಂದು ಲೆಕ್ಕ, ಒನಕೆ ಓಬವ್ವನ ಕಿಂಡಿಯ ನೆರಳಿಗೆ ಇಳಿದಾಗ ಇನ್ನೊಂದು ಲೆಕ್ಕ. ಎರಡನ್ನೂ ನಡೆಯುತ್ತಲೇ ಹೊಂದಿಸಿಕೊಳ್ಳಬಹುದು. ಛಾಯಾಗ್ರಹಣ ಕಲಿಯುವವರಿಗೆ ಶಟರ್, ಅಪರ್ಚರ್, ಐಎಸ್‌ಒಗಳ ನಂಟನ್ನು ಇಷ್ಟು ಸರಳವಾಗಿ ತೋರಿಸಿಕೊಡುವ ಬೇರೆ ಬಾಡಿಯನ್ನು ನಾನು ಹಿಡಿದಿಲ್ಲ. ಮದುವೆಗೆ ಮಾತ್ರ ಅದನ್ನು ಒಯ್ಯುವುದಿಲ್ಲ. ಅದರ ಬಾಡಿಯೊಳಗೆ ಕೈನಡುಕ ತಡೆಯುವ ವ್ಯವಸ್ಥೆಯಿಲ್ಲ. ಡಯಲಿನ ಬೀಗ ತೆಗೆಯಲು ಮರೆತು ತಿರುಗಿಸಲು ಹೋದರೆ ಆ ಒಂದು ಕ್ಷಣ ಕಳೆದೇ ಹೋಗುತ್ತದೆ.

ಮೆನುಗಳ ವಿಷಯಕ್ಕೆ ಬಂದರೆ, ನಿಕಾನಿನದು ಡಿ750ರ ಕ್ರಮವನ್ನೇ ಮುಂದುವರಿಸಿದ್ದರಿಂದ ನನಗೆ ಒಂದೇ ದಿನದಲ್ಲಿ ಒಗ್ಗಿತು. ಜೊತೆಗೆ ಪರದೆ ಮುಟ್ಟಿಯೇ ಆಯ್ಕೆ ಮಾಡಬಹುದು. ಎ7 ತ್ರೀಯ ಮೆನು ಅಡ್ಡಡ್ಡವಾಗಿ ಪುಟದ ಮೇಲೆ ಪುಟವಾಗಿ ಸಾಗುತ್ತದೆ, ಸ್ಪರ್ಶಕ್ಕೆ ಸ್ಪಂದಿಸುವುದಿಲ್ಲ, ಒಂದು ಆಯ್ಕೆ ಯಾವ ಪುಟದಲ್ಲಿತ್ತೆಂದು ನೆನಪಿಡುವುದೇ ಕೆಲಸವಾಗುತ್ತದೆ. 2020ರ ಎ7ಎಸ್ ತ್ರೀಯಿಂದ ಸೋನಿ ಹೊಸ ಮೆನು ತಂದಿದೆ, ಆದರೆ ಹಳೆಯ ಬಾಡಿಗೆ ಅದು ಬರಲಿಲ್ಲ. ನಾವು ಮಾಡಿದ ಉಪಾಯವೆಂದರೆ, ಒಂದು ಸಂಜೆ ಕುಳಿತು ಮುಖ್ಯ ಆಯ್ಕೆಗಳನ್ನು ಎಫ್‌ಎನ್ ಬಟನ್ನಿನ ಹನ್ನೆರಡು ಮನೆಗಳಿಗೆ ಮತ್ತು ಮೈ ಮೆನು ಪುಟಕ್ಕೆ ಸೇರಿಸಿದ್ದು. ಅಂದಿನಿಂದ ಹುಡುಗ ಒಳಗಿನ ಪುಟಗಳಿಗೆ ಹೋದದ್ದು ಕಡಿಮೆ. ಫ್ಯೂಜಿಯಲ್ಲಿ ಕ್ಯೂ ಬಟನ್ ಒತ್ತಿದರೆ ಹದಿನಾರು ಮನೆಗಳು ತೆರೆಯುತ್ತವೆ, ಉಳಿದದ್ದು ಡಯಲ್‌ಗಳಲ್ಲೇ ಇದೆ.

ಮದುವೆಯ ಕೆಲಸಕ್ಕೆ ಇಳಿಯುವವರು ಮೊದಲು ಹುಡುಕಿಟ್ಟುಕೊಳ್ಳಬೇಕಾದ ಆಯ್ಕೆ ಫ್ಲಿಕರ್ ತಡೆಯುವುದು. ನಮ್ಮಲ್ಲಿ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಶಬ್ದ ಬಾರದಿರಲೆಂದು ಎಲೆಕ್ಟ್ರಾನಿಕ್ ಶಟರ್ ಹಾಕಿದರೆ, ಈ ಕ್ಯಾಮೆರಾಗಳ ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುವುದರಿಂದ ವಧುವಿನ ಸೀರೆಯ ಮೇಲೆ ಕಪ್ಪು ಪಟ್ಟೆಗಳು ಮೂಡುತ್ತವೆ. ಮೆಕ್ಯಾನಿಕಲ್ ಶಟರಿನಲ್ಲಿ 1/100 ಅಥವಾ 1/50 ಸೆಕೆಂಡ್ ಇಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಫ್ಲಿಕರ್ ತಡೆಯುವ ಆಯ್ಕೆ ಮೂರರಲ್ಲೂ ಇದೆ, ಅದನ್ನು ತಲುಪುವ ದಾರಿ ಮಾತ್ರ ಬೇರೆ. ನಾವು ಮೂರರಲ್ಲೂ ಅದನ್ನು ಹೊರಗಿನ ಪಟ್ಟಿಗೇ ತಂದಿಟ್ಟಿದ್ದೇವೆ.

ಬಾಡಿ ಐದಾರು ವರ್ಷದ ಮಾತು, ಲೆನ್ಸ್ ಅದಕ್ಕಿಂತ ಬಹುಕಾಲ ಉಳಿಯುತ್ತದೆ. ಆದ್ದರಿಂದ ನನ್ನ ಪ್ರಕಾರ ಮೌಂಟ್ ಆರಿಸುವುದೆಂದರೆ ಲೆನ್ಸಿನ ಸಂಸಾರವನ್ನೇ ಆರಿಸಿದಂತೆ. ನಿಕಾನ್ ಝಡ್ ಮೌಂಟಿನ ಒಳವ್ಯಾಸ 55 ಮಿಲಿಮೀಟರ್, ಸೋನಿ ಇ ಮೌಂಟಿನದು 46 ಮಿಲಿಮೀಟರಿನಷ್ಟು ಎಂಬ ಲೆಕ್ಕವನ್ನು ಅಂಗಡಿಯವರು ಹೇಳುವುದುಂಟು. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಸೋನಿ 2011ರಲ್ಲೇ ತನ್ನ ಮೌಂಟಿನ ವಿವರಗಳನ್ನು ಬೇರೆ ತಯಾರಕರಿಗೆ ತೆರೆದಿಟ್ಟದ್ದು. ಅದರ ಫಲವಾಗಿ ಟ್ಯಾಮ್ರಾನ್, ಸಿಗ್ಮಾಗಳ ಲೆನ್ಸ್‌ಗಳು ಈ ಮೌಂಟಿಗೆ ಬೇಗ ಬಂದವು. ಲೆನ್ಸಿನ ಹೆಸರಿನ ಮೊದಲ ಅಂಕಿ ಮಿಲಿಮೀಟರಿನಲ್ಲಿರುತ್ತದೆ, ಅದು ಚಿಕ್ಕದಾದಷ್ಟೂ ನೋಟ ಅಗಲ; ಎಫ್ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು. ಸೋನಿಯದೇ 24-70 ಎಫ್ 2.8 ಜಿಎಂ ಲೆನ್ಸಿನ ಮೊದಲ ಆವೃತ್ತಿ 886 ಗ್ರಾಂ ತೂಗಿದರೆ, ನಾವು ಕೊಂಡ ಟ್ಯಾಮ್ರಾನ್ 28-75 ಎಫ್ 2.8 ತೂಗುವುದು 550 ಗ್ರಾಂ ಮಾತ್ರ. ಬೆಲೆಯೂ ಬಹಳ ಕಡಿಮೆ. ಮಂಟಪದಲ್ಲಿ ಅದಕ್ಕೆ ಯಾವ ಕೊರತೆಯೂ ಕಾಣಲಿಲ್ಲ. ಮನೆಯ ಚಿಕ್ಕ ಕೋಣೆಯಲ್ಲಿ ವಧುವನ್ನು ಸಿಂಗರಿಸುವಾಗ ಮಾತ್ರ 24ಕ್ಕೂ 28ಕ್ಕೂ ಇರುವ ಅಂತರ ತಿಳಿಯುತ್ತದೆ. ಬೆನ್ನು ಗೋಡೆಗೆ ತಾಗಿದ ಮೇಲೂ ಇನ್ನೊಂದು ಹೆಜ್ಜೆ ಹಿಂದೆ ಬೇಕೆನಿಸುತ್ತದೆ.

ಝಡ್ 6 ಜೊತೆಗೆ ಬಂದ 24-70 ಎಫ್ 4 ಲೆನ್ಸ್ 500 ಗ್ರಾಂ ತೂಗುತ್ತದೆ, ಅಂಚಿನವರೆಗೂ ಚೂಪಾದ ಚಿತ್ರ ಕೊಡುತ್ತದೆ. ಆದರೆ ಮಂದ ಬೆಳಕಿನಲ್ಲಿ ಎಫ್ 2.8ಕ್ಕೆ ಐಎಸ್‌ಒ 3200 ಸಾಕಾಗುವ ಕಡೆ ಇದಕ್ಕೆ 6400 ಬೇಕು. ಹೀಗಾಗಿ ಸಂಜೆಯ ಕೆಲಸಕ್ಕೆ 50 ಎಫ್ 1.8 ಹಾಕಿಕೊಳ್ಳುತ್ತೇನೆ. ನಾನು ಝಡ್ 6 ಕೊಂಡಾಗ ಬೇರೆ ತಯಾರಕರ ಲೆನ್ಸ್‌ಗಳು ಝಡ್ ಮೌಂಟಿಗೆ ವಿರಳವಾಗಿದ್ದವು. 2022ರಿಂದ ಟ್ಯಾಮ್ರಾನ್ ಬರತೊಡಗಿ ಪರಿಸ್ಥಿತಿ ಸುಧಾರಿಸಿದೆ. ಫ್ಯೂಜಿಯಲ್ಲಿ ಚಿಕ್ಕ ಪ್ರೈಮ್‌ಗಳೇ (ಝೂಮ್ ಇಲ್ಲದ ಲೆನ್ಸ್‌ಗಳು) ಸೊಗಸು, 35 ಎಫ್ 2 ಕೇವಲ 170 ಗ್ರಾಂ. ಸಿಗ್ಮಾ 18-50 ಎಫ್ 2.8 ಕೂಡ 2022ರಲ್ಲಿ ಈ ಮೌಂಟಿಗೆ ಬಂತು, ಹಗುರವೂ ಹೌದು, ಆದರೆ ಅದಕ್ಕೆ ಅಪರ್ಚರ್ ಉಂಗುರವಿಲ್ಲ. ಯಾವ ಸುಖಕ್ಕಾಗಿ ಈ ಬಾಡಿ ಕೊಂಡೆನೋ ಅದೇ ಕೈತಪ್ಪುತ್ತದೆಂದು ಕೊಳ್ಳದೆ ಬಿಟ್ಟೆ.

ಎರಡು ಮೌಂಟುಗಳನ್ನು ಒಟ್ಟಿಗೆ ಬಳಸುವವರಿಗೆ ಒಂದು ಮಾತು. ನಿಕಾನ್ ಲೆನ್ಸ್ ಹಾಕಲು ತಿರುಗಿಸುವ ದಿಕ್ಕು ಸೋನಿ, ಫ್ಯೂಜಿಗಳಿಗೆ ವಿರುದ್ಧ. ಅವಸರದಲ್ಲಿ ತಪ್ಪು ದಿಕ್ಕಿಗೆ ತಿರುವುತ್ತಾ ನಿಂತು ಜೀರಿಗೆ ಬೆಲ್ಲದ ಶಾಸ್ತ್ರದ ಮೊದಲ ನಗುವನ್ನು ಕಳೆದುಕೊಂಡಿದ್ದೇನೆ, ಆ ಕುಟುಂಬಕ್ಕೆ ಅದನ್ನು ಮರಳಿ ಕೊಡಲು ಸಾಧ್ಯವಾಗಲಿಲ್ಲವೆಂಬ ನೋವು ಈಗಲೂ ಇದೆ. ಅಂದಿನಿಂದ ಒಂದು ಮದುವೆಗೆ ಒಬ್ಬರ ಕೈಗೆ ಒಂದೇ ಮೌಂಟ್ ಎಂಬ ನಿಯಮ ಮಾಡಿಕೊಂಡೆವು. ಕೋಟೆಯ ಗಾಳಿಯಲ್ಲಿ ಲೆನ್ಸ್ ಬದಲಿಸುವುದನ್ನೂ ಬಿಟ್ಟಿದ್ದೇನೆ, ಏಕೆಂದರೆ ಈ ಮೂರರಲ್ಲೂ ಕ್ಯಾಮೆರಾ ಆಫ್ ಮಾಡಿದಾಗ ಸೆನ್ಸರ್ ಮುಚ್ಚಿಕೊಳ್ಳುವುದಿಲ್ಲ.

ಬ್ಯಾಟರಿಯಲ್ಲಿ ಸೋನಿ ಬಹಳ ಮುಂದು. ಕಾರ್ಡಿನ ಜಾಗ ಝಡ್ 6ರಲ್ಲಿ ಒಂದೇ, ಉಳಿದೆರಡರಲ್ಲಿ ಎರಡೆರಡು. ನನಗೆ ಕಾರ್ಡ್ ಎಂದೂ ಕೈಕೊಟ್ಟಿಲ್ಲವಾದರೂ ಮುಹೂರ್ತದ ಚಿತ್ರಗಳು ಒಂದೇ ಕಡೆ ಇರುವವರೆಗೆ ಮನಸ್ಸಿಗೆ ನೆಮ್ಮದಿಯಿರುವುದಿಲ್ಲ, ಊಟಕ್ಕೆ ಕೂರುವ ಮುನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುತ್ತೇನೆ. ಹೊಸದಾಗಿ ಸ್ಟುಡಿಯೋ ತೆರೆಯುವವರು ಕೇಳಿದರೆ ಲೆನ್ಸಿನ ಕಾರಣಕ್ಕೆ ಸೋನಿಯ ಮೌಂಟನ್ನೇ ಹೇಳುತ್ತೇನೆ. ಹಳೆಯ ನಿಕಾನ್ ಲೆನ್ಸ್ ಇರುವವರಿಗೆ ಅವನ್ನು ಝಡ್ ಬಾಡಿಗೆ ಕೂರಿಸುವ ಎಫ್‌ಟಿಝಡ್ ಅಡಾಪ್ಟರ್ ಒಳ್ಳೆಯ ಸೇತುವೆ. ಆದರೆ ಅದರೊಳಗೆ ಫೋಕಸ್ ಮೋಟಾರ್ ಇಲ್ಲದ್ದರಿಂದ, ತಮ್ಮದೇ ಮೋಟಾರ್ ಇಲ್ಲದ ಎಎಫ್-ಡಿ ಮಾದರಿಯ ಲೆನ್ಸ್‌ಗಳು ಕೈಯಿಂದಲೇ ಫೋಕಸ್ ಕೇಳುತ್ತವೆ. ನನ್ನ 85 ಎಫ್ 1.8 ಅಂಥದ್ದು. ಮಾರಲು ಮನಸ್ಸಾಗದೆ ಇಟ್ಟುಕೊಂಡಿದ್ದೇನೆ. ಮದುವೆಯ ಗಲಾಟೆ ಮುಗಿದು ಅಜ್ಜಿಯರು ಹಾಲಿನ ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತಾಗ ಅದನ್ನು ಝಡ್ 6ಕ್ಕೆ ಜೋಡಿಸಿ, ಫೋಕಸ್ ಆದ ಅಂಚನ್ನು ತೋರಿಸುವ ಪೀಕಿಂಗಿನ ಕೆಂಪು ಗೆರೆ ಅವರ ಕಣ್ಣಿನ ಸುಕ್ಕುಗಳ ಮೇಲೆ ಬಂದು ನಿಲ್ಲುವವರೆಗೆ ಉಂಗುರವನ್ನು ನಿಧಾನವಾಗಿ ತಿರುಗಿಸುತ್ತೇನೆ.