ಕಫ ಹೊರಹಾಕಲು ಏನೇನು ಮಾಡಿದೆ, ಯಾವುದು ಒಗ್ಗಿತು

ನನಗಿರುವುದು ಬ್ರಾಂಕಿಯೆಕ್ಟೇಸಿಸ್. ಶ್ವಾಸನಾಳಗಳು ಹಿಗ್ಗಿ ಹಾಗೇ ಉಳಿದುಬಿಟ್ಟಿವೆ. ಕಫ ತಾನಾಗಿ ಮೇಲೆ ಬರುವುದಿಲ್ಲ. ನಿಂತ ಕಫದಲ್ಲಿ ಸೋಂಕು, ಸೋಂಕಿನಿಂದ ಮತ್ತಷ್ಟು ಕಫ. ಹಾಗಾಗಿ ದಿನಕ್ಕೆರಡು ಸಲ ಅದನ್ನು ಹೊರಹಾಕಲೇಬೇಕು. ಆರು ವರ್ಷಗಳಿಂದ ಒಂದೊಂದೇ ವಿಧಾನ ಮಾಡಿ ನೋಡಿದ್ದೇನೆ. ನನ್ನ ಅಳತೆ ಒಂದೇ: ಮುಗಿಸಿದ ಮೇಲೆ ಎಷ್ಟು ಹೊತ್ತು ಕೆಮ್ಮಿಲ್ಲದೆ ಇರುತ್ತೇನೆ ಅನ್ನುವುದು.

ಮೊದಲು ಕಲಿತದ್ದು ತಲೆ ತಗ್ಗಿನಲ್ಲಿಟ್ಟು ಮಲಗುವುದು. ಸೊಂಟದ ಕೆಳಗೆ ದಿಂಬು, ಮನೆಯವರು ಅಂಗೈ ಬೊಗಸೆ ಮಾಡಿ ಬೆನ್ನು ತಟ್ಟುವುದು. ಕಫವೇನೋ ಬರುತ್ತಿತ್ತು, ಜೊತೆಗೆ ಹುಳಿನೀರೂ ಗಂಟಲಿಗೆ ಬರುತ್ತಿತ್ತು. ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಕಷ್ಟ ಅಲ್ವಾ? ಬಿಟ್ಟೆ. ಈಗ ತಲೆ ತಗ್ಗಿಸದೆ ಸುಮ್ನೆ ಮಗ್ಗುಲಾಗಿ ಮಲಗುತ್ತೇನೆ.

ಆಮೇಲೆ ಊದುವ ಸಾಧನಗಳು. ಫ್ಲಟರ್ ಒಳಗೆ ಒಂದು ಸ್ಟೀಲ್ ಗುಂಡು ಇರುತ್ತದೆ. ಊದಿದಾಗ ಅದು ಎದ್ದೆದ್ದು ಬೀಳುತ್ತದೆ, ಆ ನಡುಕ ಎದೆಯೊಳಗೆ ಇಳಿಯುತ್ತದೆ. ಪಕ್ಕೆಯ ಮೇಲೆ ಕೈ ಇಟ್ಟರೆ ಗೊತ್ತಾಗುತ್ತದೆ. ಆದರೆ ಹಿಡಿಯುವ ಕೋನ ಸ್ವಲ್ಪ ತಪ್ಪಿದರೂ ಗುಂಡು ಸರಿಯಾಗಿ ಕುಣಿಯುವುದಿಲ್ಲ. ಅಕಾಪೆಲ್ಲಾದಲ್ಲಿ ಗುಂಡಿನ ಬದಲು ಆಯಸ್ಕಾಂತ, ಮಲಗಿಕೊಂಡೂ ಊದಬಹುದು. ಜ್ವರ ಬಂದು ಕೂರಲಾಗದ ದಿನಗಳಲ್ಲಿ ಅದೇ ನನ್ನ ಕೈ ಹಿಡಿದದ್ದು. ಇವೆರಡರಲ್ಲಿ ನನ್ನ ಓಟು ಅದಕ್ಕೇ.

ಆದರೂ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಯಾವ ಸಾಧನವೂ ಬೇಡದ ಉಸಿರಾಟದ ಸುತ್ತು. ಮೊದಲು ಭುಜ ಸಡಿಲ ಬಿಟ್ಟು ಮೆಲ್ಲಗೆ ಉಸಿರಾಡುವುದು. ಆಮೇಲೆ ಮೂರ್ನಾಲ್ಕು ದೀರ್ಘ ಉಸಿರು, ಪ್ರತಿಯೊಂದನ್ನೂ 3 ಸೆಕೆಂಡು ಹಿಡಿಯುವುದು. ಹಾಗೆ ಹಿಡಿದಾಗ ಗಾಳಿ ಅಕ್ಕಪಕ್ಕದ ಸಣ್ಣ ದಾರಿಗಳಿಂದ ನುಸುಳಿ ಕಫದ ಹಿಂದಕ್ಕೆ ಹೋಗುತ್ತದೆ. ಹಿಂದಿನಿಂದ ಗಾಳಿ ತಳ್ಳಿದರೆ ತಾನೇ ಕಫ ಮುಂದಕ್ಕೆ ಬರುವುದು! ಕೊನೆಗೆ ಹಫ್: ಕನ್ನಡಿಗೆ ಹಬೆ ಕಟ್ಟಿಸುವಾಗ ಬಾಯಿ ತೆರೆದು 'ಹಾ' ಅನ್ನುತ್ತೇವಲ್ಲ, ಹಾಗೆ. ಅರ್ಧ ಉಸಿರಿನಿಂದ ಉದ್ದಕ್ಕೆ 'ಹಾ' ಅಂದರೆ ಆಳದ ಕಫ ಜರುಗುತ್ತದೆ. ಅದು ಮೇಲೆ ಬಂದು ಗೊರಗೊರ ಕೇಳಿಸಿದ ಮೇಲೆ, ತುಂಬಾ ಉಸಿರು ತೆಗೆದುಕೊಂಡು ಒಂದು ಜೋರಾದ, ಚಿಕ್ಕ 'ಹಾ'. ಆಗ ಒಂದೇ ಕೆಮ್ಮಿಗೆ ಬಂದುಬಿಡುತ್ತದೆ. ಮೊದಲು ನಾನು ಮುಖ ಕೆಂಪಾಗುವವರೆಗೆ ಕೆಮ್ಮುತ್ತಿದ್ದೆ. ಜೋರಾಗಿ ಕೆಮ್ಮಿದಾಗ ನಾಳಗಳೇ ಮುಚ್ಚಿಕೊಂಡು ಕಫ ಒಳಗೇ ಉಳಿಯುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಸುಸ್ತು ತಪ್ಪುತ್ತಿತ್ತು. ಸಾಧನ ಊದಿದರೂ ನಡುನಡುವೆ ಹಫ್ ಮಾಡದಿದ್ದರೆ ನನಗೆ ಹೆಚ್ಚೇನೂ ಬರುವುದಿಲ್ಲ.

ನೆಬ್ಯುಲೈಸರಿನಲ್ಲಿ (ದ್ರವವನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಯಂತ್ರ) ಹಾಕುವ ಉಪ್ಪುನೀರು ಇವಕ್ಕೆ ಎದುರಾಳಿಯಲ್ಲ, ಜೊತೆಗಾರ. ಅದು ನಾಳದೊಳಕ್ಕೆ ನೀರೆಳೆದು ಅಂಟು ಕಫವನ್ನು ತೆಳ್ಳಗೆ ಮಾಡುತ್ತದೆ. 7% ದ್ರಾವಣ ನನಗೆ ಎದೆ ಬಿಗಿ ಹಿಡಿಸಿತು, 3% ಒಗ್ಗಿತು. ಮೊದಲ ಡೋಸನ್ನು ಆಸ್ಪತ್ರೆಯಲ್ಲೇ, ಉಸಿರಿನ ಪರೀಕ್ಷೆ ಮಾಡುತ್ತಾ ಕೊಟ್ಟಿದ್ದರು. ಮನೆಯಲ್ಲಿ ಸುಮ್ನೆ ಶುರುಮಾಡುವಂಥದ್ದಲ್ಲ. ತೊಂದರೆ ಅಂದರೆ ತೊಳೆಯುವ ಕೆಲಸ. ನೆಬ್ಯುಲೈಸರಿನ ಒದ್ದೆ ಕಪ್‌ನಲ್ಲಿ ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಬೆಳೆಯಬಹುದು. ಅದಕ್ಕೇ ಪ್ರತಿ ಸಲ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿಡುತ್ತೇನೆ.

ಈಗ ನನ್ನ ಬೆಳಗು ಹೀಗೆ: ನಾಳ ಹಿಗ್ಗಿಸುವ ಇನ್ಹೇಲರ್, ಉಪ್ಪುನೀರು, ಆಮೇಲೆ ಮಗ್ಗುಲಾಗಿ ಮಲಗಿ ಉಸಿರಾಟದ ಸುತ್ತು. ಮೈ ಸೋತ ದಿನ ಅಕಾಪೆಲ್ಲಾ ಸೇರುತ್ತದೆ. ಕಫದಲ್ಲಿ ರಕ್ತ ಕಂಡ ದಿನ ಮಾತ್ರ ಉಪ್ಪುನೀರೂ ಇಲ್ಲ, ಊದುವುದೂ ಇಲ್ಲ. ಮೊದಲು ಡಾಕ್ಟರಿಗೆ ಫೋನ್.